ಇಂಕ್ ಪೆನ್ ಶೋಕಿಯಲ್ಲ: ಆಕ್ಷೇಪಿಸಿದವರಿಗೆ ಉತ್ತರ

ದಿನವೂ ಕೈಯಲ್ಲಿ ನಾಲ್ಕು ಪುಟ ಬರೆಯಬೇಕಾದವರು ಬಾಲ್ ಪೆನ್ ಬಿಟ್ಟು ಒಂದು ಒಳ್ಳೆಯ ಇಂಕ್ ಪೆನ್ ಇಟ್ಟುಕೊಳ್ಳಲಿ ಎಂದು ನಾನು ಹಿಂದೆ ಬರೆದಿದ್ದೆ. ಅದಕ್ಕೆ ನಮ್ಮ ನವಿ ಮುಂಬಯಿಯ ಕೋಪರಖೈರಣೆಯಿಂದ ಮಾತ್ರವಲ್ಲ, ಘನ್ಸೋಲಿ, ಡೊಂಬಿವಲಿ, ಕಲ್ಯಾಣದಿಂದಲೂ ಆಕ್ಷೇಪಗಳು ಬಂದವು. ಕೆಲವರು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. ಎಲ್ಲವನ್ನೂ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ನಾನು ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರ ನೋಡುವವನು. ಬರೆಯುವುದು ನನ್ನ ಹೊಟ್ಟೆಪಾಡು. ಆದ್ದರಿಂದ ಈ ಮಾತು ನನಗೆ ಹವ್ಯಾಸದ ಮಾತಲ್ಲ.

ಮೊದಲನೆಯ ಆಕ್ಷೇಪ: ಈ ಕಾಲದಲ್ಲಿ ಕೈಯಲ್ಲಿ ಬರೆಯುವವರು ಯಾರಿದ್ದಾರೆ? ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಕೋಪರಖೈರಣೆಯ ಸೆಕ್ಟರುಗಳಲ್ಲಿರುವ ಹೌಸಿಂಗ್ ಸೊಸೈಟಿಗಳ ಕಪಾಟು ತೆರೆದು ನೋಡಿ. ಸದಸ್ಯರ 'ಐ' ರಿಜಿಸ್ಟರು, 'ಜೆ' ಪಟ್ಟಿ, ಸಭೆಯ ನಡಾವಳಿ ಪುಸ್ತಕ, ಬಹುತೇಕ ಕಡೆ ಎಲ್ಲವೂ ಕೈಬರಹ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳ ಗೇಟಿನಲ್ಲಿ ಇನ್‌ವರ್ಡ್ ಪುಸ್ತಕ, ಒಳಗೆ ಸ್ಟೋರ್ಸಿನ ದಾಸ್ತಾನು ಪುಸ್ತಕ, ತುರ್ಭೆಯ ಎಪಿಎಂಸಿ ಮಾರುಕಟ್ಟೆಯ ಮಳಿಗೆಗಳಲ್ಲಿ ಉದ್ದ ಖಾತೆ ಪುಸ್ತಕ, ನಮ್ಮವರ ಹೋಟೆಲುಗಳ ಗಲ್ಲೆಯಲ್ಲಿ ಹಾಲು-ತರಕಾರಿಯ ಲೆಕ್ಕ, ಕನ್ನಡ ಸಂಘಗಳ ವರದಿ. ಕಂಪ್ಯೂಟರಿನಲ್ಲೇ ಎಲ್ಲ ಮುಗಿಸುವವರಿಗೆ ನಾನು ಪೆನ್ ಕೊಳ್ಳಿ ಎಂದು ಹೇಳಿಯೇ ಇಲ್ಲ.

ಎರಡನೆಯದು ಎಲ್ಲರೂ ಹೇಳುವ ಮಾತು: ಸೋರುತ್ತದೆ. ಠಾಣೆಯಿಂದ ವಾಶಿಗೆ ಹೋಗುವ ಟ್ರಾನ್ಸ್‌ಹಾರ್ಬರ್ ರೈಲಿನ ನೂಕುನುಗ್ಗಲಿನಲ್ಲಿ ಬಿಳಿ ಅಂಗಿಯ ಜೇಬು ನೀಲಿಯಾಯಿತು ಎಂದು ಒಬ್ಬರು ಬರೆದಿದ್ದಾರೆ. ಅವರಿಗಾದದ್ದು ಸುಳ್ಳಲ್ಲ, ಆದರೆ ತಪ್ಪು ಇಂಕ್ ಪೆನ್ನಿನದೆಂದು ಒಟ್ಟಾರೆ ಹೇಳುವುದು ಸರಿಯಲ್ಲ. ಏಕೆ ಸೋರುತ್ತದೆಂದು ನೋಡೋಣ. ಡ್ರಾಪರಿನಿಂದ ನೇರವಾಗಿ ಹೊಟ್ಟೆಗೇ ಇಂಕು ತುಂಬುವ ಪೆನ್ನುಗಳಲ್ಲಿ ಇಂಕು ಖರ್ಚಾದಷ್ಟೂ ಆ ಜಾಗದಲ್ಲಿ ಗಾಳಿ ಸೇರುತ್ತದೆ. ಎ.ಸಿ. ಕಚೇರಿಯ 24 ಡಿಗ್ರಿಯಲ್ಲಿದ್ದ ಆ ಗಾಳಿ ಜೇಬಿಗೆ ಬಂದು, ಮೈಯ ಬಿಸಿ ತಾಗಿ 37 ಡಿಗ್ರಿಯ ಹತ್ತಿರ ಹೋದರೆ ನೂರಕ್ಕೆ ನಾಲ್ಕು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಒಳಗೆ 2 ಮಿ.ಲೀ. ಗಾಳಿ ಇದ್ದು, ನಿಬ್ಬು ಕೆಳಮುಖವಾಗಿದ್ದರೆ ಅದು ಸುಮಾರು 0.09 ಮಿ.ಲೀ. ಇಂಕನ್ನು ಹೊರಗೆ ತಳ್ಳುತ್ತದೆ. ಹೆಚ್ಚುಕಡಿಮೆ ಎರಡು ಹನಿ. ಅಂಗಿ ಹಾಳಾಗಲು ಅಷ್ಟು ಸಾಕು.

ಈಗ ಕನ್ವರ್ಟರ್, ಅಂದರೆ ಇಂಕು ಎಳೆದುಕೊಳ್ಳುವ ಪುಟ್ಟ ಕೊಳವೆ, ಇರುವ ಪೆನ್ ತೆಗೆದುಕೊಳ್ಳಿ. ಅದರಲ್ಲಿ ಹಿಡಿಯುವುದೇ ಒಂದು ಮಿ.ಲೀ. ಒಳಗೆ. ಅರ್ಧ ಖಾಲಿಯಾಗಿದ್ದರೂ ಅದೇ ಬಿಸಿಗೆ ಹೊರಬೀಳುವುದು ಅರ್ಧ ಹನಿಗೂ ಕಡಿಮೆ. ನಿಬ್ಬಿನ ಕೆಳಗಿರುವ ನಾಲಿಗೆಯ ಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳುಗಳನ್ನು ಕೊರೆದಿರುವುದು ಇದಕ್ಕೇ, ಹೆಚ್ಚಾದ ಇಂಕು ಅಲ್ಲಿ ನಿಲ್ಲುತ್ತದೆ. ಇಂಕು ಇಳಿಯುವ ಹಾದಿ, ಗಾಳಿ ಏರುವ ಹಾದಿ ಎರಡನ್ನೂ ಹದದಲ್ಲಿಡುವ ನಾಲಿಗೆಗೆ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು 1884ರಲ್ಲಿ. ಅಂದಿನಿಂದ ಈ ಸಮಸ್ಯೆಗೆ ಪರಿಹಾರ ಇದೆ. ನಾವು ಕೊಳ್ಳುವಾಗ ನಾಲಿಗೆ ನೋಡದೆ ಬಣ್ಣ ನೋಡುತ್ತೇವೆ. ರೈಲಿನಲ್ಲಿ ಓಡಾಡುವವರು ಕನ್ವರ್ಟರ್ ಇರುವ, ತಿರುಗಿಸಿ ಮುಚ್ಚುವ ಕ್ಯಾಪಿನ ಪೆನ್ ಇಟ್ಟುಕೊಳ್ಳಲಿ, ನಿಬ್ಬು ಮೇಲೆ ಬರುವಂತೆ ಸಿಕ್ಕಿಸಲಿ. ಡ್ರಾಪರ್ ಪೆನ್ನೇ ಇಷ್ಟವೆನ್ನುವವರು ಅರ್ಧಕ್ಕಿಂತ ಇಳಿಯುವ ಮೊದಲೇ ತುಂಬಿಸಲಿ.

ಮೂರನೆಯ ಆಕ್ಷೇಪ ಎರಡು ಕಡೆಯಿಂದ ಬಂದಿದೆ. ಒಬ್ಬರು ಇಂಕ್ ಪೆನ್ ಎಂದರೆ ದುಡ್ಡಿದ್ದವರ ಶೋಕಿ ಎನ್ನುತ್ತಾರೆ. ಇನ್ನೊಬ್ಬರು, ಪೆನ್ನುಗಳನ್ನು ಪ್ರೀತಿಯಿಂದ ಕೂಡಿಡುವವರು, ಚಿನ್ನದ ನಿಬ್ಬಿಲ್ಲದೆ ಒಳ್ಳೆಯ ಪೆನ್ ಎನ್ನುವುದೇ ಇಲ್ಲ ಎನ್ನುತ್ತಾರೆ. ಇಬ್ಬರಿಗೂ ಒಂದೇ ಉತ್ತರ. ಹಿಂದೆ ನಿಬ್ಬಿಗೆ ಚಿನ್ನ ಬಳಸಿದ್ದಕ್ಕೆ ದೊಡ್ಡ ಕಾರಣ ಆಗಿನ ಇಂಕು ಹುಳಿ ಗುಣದ್ದಾಗಿದ್ದು, ಮಾಮೂಲಿ ಉಕ್ಕನ್ನು ತಿಂದುಹಾಕುತ್ತಿದ್ದುದು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ ಆ ಭಯ ಬಹುಮಟ್ಟಿಗೆ ಹೋಯಿತು. ಇನ್ನೂ ಮುಖ್ಯವಾದದ್ದು, ಕಾಗದಕ್ಕೆ ತಾಗುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ಎರಡರ ತುದಿಯಲ್ಲೂ ಬೆಸೆದಿರುವ ಗಟ್ಟಿ ಮಿಶ್ರಲೋಹದ ಪುಟ್ಟ ಗುಂಡು. ಆ ಗುಂಡನ್ನು ಸರಿಯಾಗಿ ಉಜ್ಜಿದ್ದರೆ ಉಕ್ಕಿನ ನಿಬ್ಬೂ ಜಾರುತ್ತದೆ, ಇಲ್ಲದಿದ್ದರೆ 18 ಕ್ಯಾರೆಟ್ಟಿನ ನಿಬ್ಬೂ ಕೆರೆಯುತ್ತದೆ. ಚಿನ್ನದ ನಿಬ್ಬಿಗೆ ಮೆತ್ತನೆಯ ಗುಣವಿರಬಹುದು, ಆದರೆ ಇನ್‌ವರ್ಡ್ ಪುಸ್ತಕಕ್ಕೆ ಮೆತ್ತಗಿನ ನಿಬ್ಬು ಬೇಡ.

ಶೋಕಿಯ ಮಾತಿಗೆ ಬಂದರೆ, ನಮ್ಮಲ್ಲಿ ಇಂಕ್ ಪೆನ್ನಿನ ಚರಿತ್ರೆ ಅದಕ್ಕೆ ಉಲ್ಟಾ. ದಾಂಡೇಕರ್ ಸೋದರರು 1931ರಲ್ಲಿ ಮುಂಬಯಿಯಲ್ಲಿ ಇಂಕಿನ ಪುಡಿ, ಗುಳಿಗೆ ಮಾಡಿ ಮಾರಲು ತೊಡಗಿದ್ದೇ ಮುಂದೆ ಕ್ಯಾಮಲ್ ಇಂಕಾಯಿತು, ಕ್ಯಾಮ್ಲಿನ್ ಕಂಪನಿಯಾಯಿತು. ರಾಜಮಹೇಂದ್ರಿಯ ಕೆ. ವಿ. ರತ್ನಂ 1932ರಲ್ಲಿ ಸ್ವದೇಶಿ ಪೆನ್ ಮಾಡಲು ಹೊರಟು, 1935ರಲ್ಲಿ ಗಾಂಧೀಜಿಯ ಮೆಚ್ಚುಗೆ ಪಡೆದರು. ಬಂಗಾಳದ ರಾಜಶಾಹಿಯಲ್ಲಿ ಸುಲೇಖಾ ಇಂಕು ಹುಟ್ಟಿದ್ದೂ ಅದೇ ದಶಕದ ಸ್ವದೇಶಿ ಹುಮ್ಮಸ್ಸಿನಲ್ಲಿ. ಮುಂಬಯಿಯದೇ ವಿಲ್ಸನ್, ಏರ್‌ಮೇಲ್ ಪೆನ್ನುಗಳು ಗುಮಾಸ್ತರ, ಮೇಷ್ಟ್ರುಗಳ ಜೇಬಿನಲ್ಲಿದ್ದವು. ಇದು ಸಂಬಳದವರ ಸಾಮಾನು. ಈಗಲೂ ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಅಂಗಡಿಗಳಿಗೆ ಹೋದರೆ ಕೆಲವೇ ನೂರು ರೂಪಾಯಿಗೆ ದಿನದ ಕೆಲಸಕ್ಕೆ ಸಾಲುವ ಪೆನ್ ಸಿಗುತ್ತದೆ. 60 ಮಿ.ಲೀ.ಯ ಇಂಕಿನ ಬಾಟಲಿಯಿಂದ ಕನ್ವರ್ಟರನ್ನು ಅರವತ್ತಕ್ಕೂ ಹೆಚ್ಚು ಸಲ ತುಂಬಬಹುದು. ತಿಂಗಳಿಗೆ ಎಷ್ಟು ರೀಫಿಲ್, ಎಷ್ಟು ಬಿಸಾಡುವ ಪೆನ್ ಕೊಳ್ಳುತ್ತೀರೆಂದು ನೀವೇ ಲೆಕ್ಕ ಹಾಕಿ.

ನಾಲ್ಕನೆಯ ಆಕ್ಷೇಪವೇ ನಿಜವಾಗಿ ತೂಕದ್ದು: ಕಚೇರಿಯ ಕಾಗದದ ಮೇಲೆ ಇಂಕು ಹರಡುತ್ತದೆ, ಹಿಂದಿನ ಪುಟಕ್ಕೆ ಇಳಿಯುತ್ತದೆ. ಡೊಂಬಿವಲಿಯ ನಿವೃತ್ತ ಬ್ಯಾಂಕ್ ಅಧಿಕಾರಿ ರಾಯರು ತಮ್ಮ ಲೆಡ್ಜರಿನ ಒಂದು ಹಾಳೆಯನ್ನೇ ಕಳಿಸಿಕೊಟ್ಟಿದ್ದಾರೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ರತಿ ಅಕ್ಷರದ ಅಂಚಿನಿಂದಲೂ ಸಣ್ಣ ಕೂದಲಿನಂತೆ ಇಂಕು ಹೊರಟಿದೆ, ಒತ್ತಕ್ಷರಗಳು ಮುದ್ದೆಯಾಗಿವೆ. ಹಾಳೆ ತೆಳುವೆಂದು ಹೀಗಾಯಿತು ಎಂದು ರಾಯರು ಬರೆದಿದ್ದಾರೆ. ಮುಖ್ಯ ಕಾರಣ ಅದಲ್ಲ. ಕಾಗದ ಮಾಡುವಾಗ ಅದಕ್ಕೆ ಗಂಜಿ, ಅಂಟು ಸೇರಿಸಿ ನೀರು ಹೀರದಂತೆ ಮಾಡುತ್ತಾರೆ. ಅಗ್ಗದ ರಿಜಿಸ್ಟರಿನಲ್ಲಿ ಆ ಗಂಜಿ ಕಡಿಮೆ. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಖಾಡಿಯ ಪಕ್ಕದ ಗಾಳಿಯಲ್ಲಿ ಕಾಗದ ಥಂಡಿ ಹಿಡಿದಿರುತ್ತದೆ. ತೆಳ್ಳಗಿದ್ದರೂ ಗಂಜಿ ಸರಿಯಾಗಿರುವ ಹಾಳೆಯಲ್ಲಿ ಇಂಕು ಹರಡುವುದಿಲ್ಲ, ದಪ್ಪಗಿದ್ದೂ ಗಂಜಿ ಇಲ್ಲದ ಹಾಳೆ ಇಂಕನ್ನು ಕುಡಿದುಬಿಡುತ್ತದೆ.

ಕಾಗದ ಆರಿಸುವುದು ನಮ್ಮ ಕೈಯಲ್ಲಿಲ್ಲ, ಸೊಸೈಟಿಯೋ ಕಂಪನಿಯೋ ಕೊಟ್ಟದ್ದರಲ್ಲೇ ಬರೆಯಬೇಕು. ನಿಬ್ಬು ಮಾತ್ರ ನಮ್ಮ ಕೈಯಲ್ಲಿದೆ. ರಾಯರ ಹಾಳೆಯಲ್ಲಿದ್ದದ್ದು ಎಂ (ಮೀಡಿಯಂ) ಗುರುತಿನ, ಆ ಕಾಗದಕ್ಕೆ ದಪ್ಪವಾದ ನಿಬ್ಬಿನ ಗೆರೆ, ಜೊತೆಗೆ ಧಾರಾಳ ಹರಿಯುವ ಇಂಕು. ನಾನು ಹೇಳುವುದು ಎಫ್ (ಫೈನ್) ಗುರುತಿನದು. ಯುರೋಪಿನ ಕಂಪನಿಗಳ ಎಫ್‌ಗಿಂತ ಜಪಾನಿನ ಪೈಲಟ್, ಪ್ಲಾಟಿನಂ ಕಂಪನಿಗಳ ಎಫ್ ಇನ್ನೂ ಸಪೂರ. ಕೆಟ್ಟ ಕಾಗದಕ್ಕೆ ಅದೇ ಮೇಲು.

ನಿಬ್ಬು ಸಪೂರವಾಗಿರುವುದು ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಮುಖ್ಯ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಒಂದು ಸಾಲೆಂದರೆ ಒಂದೇ ಅಂತಸ್ತು. ನಮಗೆ ಅಕ್ಷರ, ಅದರ ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ರಿಜಿಸ್ಟರಿನ ಎರಡು ಗೆರೆಗಳ ನಡುವೆ 'ಲಕ್ಷ್ಮಿ', 'ರಾಷ್ಟ್ರ' ಎಂದು ಬರೆದು ನೋಡಿ. ಕೆಳಗಿನ ಒತ್ತು ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ, ಅದರೊಳಗಿನ ಬಿಳಿ ಜಾಗ ಸಾಸಿವೆಯಷ್ಟು. ದಪ್ಪ ನಿಬ್ಬು ಅದನ್ನು ಮುಚ್ಚಿಬಿಡುತ್ತದೆ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಗೀಟು. ಇಂಕು ಹರಡಿದರೆ ಅದು ಕಾಣುವುದೇ ಇಲ್ಲ. ಇನ್ನೊಂದು ಸಂಗತಿ: ನಮ್ಮ ಅಕ್ಷರಗಳು ದುಂಡು. ನಿಬ್ಬು ಕೆಳಗೆಳೆದಷ್ಟೇ ಮೇಲಕ್ಕೂ, ಎಡಕ್ಕೂ ಸುತ್ತಿ ಹೋಗಬೇಕು. ಕೈಯಿಂದ ದೂರಕ್ಕೆ ತಳ್ಳುವಾಗ ಅಂಚು ಚೂಪಾಗಿರುವ ನಿಬ್ಬು ಕಾಗದದ ನಾರನ್ನು ಕಿತ್ತುಕೊಂಡು ಬರುತ್ತದೆ. ಅಂದದ ಬರಹಕ್ಕೆಂದು ಮಾರುವ, ತುದಿ ಕತ್ತರಿಸಿದ ಚಪ್ಪಟೆ ನಿಬ್ಬುಗಳು ಆದ್ದರಿಂದಲೇ ಕನ್ನಡದ ವೇಗದ ಬರವಣಿಗೆಗೆ ಒಗ್ಗುವುದಿಲ್ಲ. ಸಪೂರವಾಗಿಯೂ ತುದಿ ದುಂಡಗೂ ಇರುವ, ಬಾಗದ ಉಕ್ಕಿನ ನಿಬ್ಬು, ಇಷ್ಟೇ ನನ್ನ ಶಿಫಾರಸು. ಒತ್ತಿ ಬರೆಯಬೇಕಾಗಿಲ್ಲದ ಕಾರಣ ದಿನದ ಕೊನೆಯಲ್ಲಿ ಬೆರಳು ಸೋಲುವುದು ಕಡಿಮೆ. ಬಾಲ್ ಪೆನ್ನಿನ ಗುಂಡು ಉರುಳಬೇಕಾದರೆ ಕೈ ಒತ್ತಲೇಬೇಕು, ಒಳಗಿನ ಇಂಕೂ ಮಂದ.

ಐದನೆಯದು: ನೀರು ಬಿದ್ದರೆ ಅಳಿಸುತ್ತದೆ, ಚೆಕ್ಕಿಗೆ ಆಗದು. ಯಾವ ಇಂಕೆಂದು ಕೇಳದೆ ಹೇಳುವ ಮಾತಿದು. ರಾಯಲ್ ಬ್ಲೂ ಎಂದು ಬಾಟಲಿಯ ಮೇಲಿರುವುದು ಬಹಳಷ್ಟು ಕಂಪನಿಗಳಲ್ಲಿ ತೊಳೆದರೆ ಹೋಗಲೆಂದೇ ಮಾಡಿದ ಮಕ್ಕಳ ಇಂಕು. ದಾಖಲೆಗೆ ಬೇಕಾದದ್ದು ಪರ್ಮನೆಂಟ್ ಎಂದು ಬರೆದಿರುವುದು, ಇಲ್ಲವೇ ಕಬ್ಬಿಣದ ಅಂಶವಿರುವ ಬ್ಲೂ-ಬ್ಲ್ಯಾಕ್. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನ: ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿ, ಗಾಳಿ ತಾಗಿದಂತೆ ಕಪ್ಪಾಗಿ ನಾರಿಗೆ ಕಚ್ಚಿಕೊಳ್ಳುತ್ತದೆ. ಬರೆದಾಗ ತಿಳಿಯಾಗಿ ಕಂಡದ್ದು ಮರುದಿನ ಗಾಢವಾಗಿರುತ್ತದೆ. ಅಂಥ ಇಂಕು ಹಾಕಿದ ಪೆನ್ನನ್ನು ವಾರಗಟ್ಟಲೆ ಒಣಗಲು ಬಿಡಬಾರದು, ಅದು ನಿಜ. ದಿನವೂ ಬರೆಯುವವರಿಗೆ ಆ ತೊಂದರೆ ಬರುವುದಿಲ್ಲ. ಚೆಕ್ಕಿನ ವಿಷಯದಲ್ಲಿ, ಇಂಥದೇ ಬಣ್ಣದ ಇಂಕು ಎಂದು ರಿಸರ್ವ್ ಬ್ಯಾಂಕ್ ಕಟ್ಟುಪಾಡು ಮಾಡಿಲ್ಲ. ಕಪ್ಪು ಇಂಕಿನ ಚೆಕ್ ನಡೆಯುವುದಿಲ್ಲವೆಂದು 2025ರ ಜನವರಿಯಲ್ಲಿ ಹರಡಿದ ಸುದ್ದಿ ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಆಗಲೇ ತಿಳಿಸಿತ್ತು. ಸಿಟಿಎಸ್ ಪದ್ಧತಿಯಲ್ಲಿ ಚೆಕ್ಕಿನ ಚಿತ್ರ ಮಾತ್ರ ಮುಂದೆ ಹೋಗುವುದರಿಂದ ಗಾಢ ಬಣ್ಣದ, ಅಳಿಸದ ಇಂಕು ಬೇಕು, ಹೆಸರಿನಲ್ಲಿ ಮೊತ್ತದಲ್ಲಿ ತಿದ್ದುಪಡಿ ಇರಬಾರದು. ಗಾಢ ಬಣ್ಣ, ಅಳಿಸದ ಗುಣ ಎರಡನ್ನೂ ಪರ್ಮನೆಂಟ್ ಇಂಕು ಹಾಕಿದ ಇಂಕ್ ಪೆನ್ ಪೂರೈಸುತ್ತದೆ.

ಆರನೆಯ ಆಕ್ಷೇಪ ಒಪ್ಪುತ್ತೇನೆ. ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆಯುವ ಸಾಗಣೆಯ ಬಿಲ್ಟಿಗೆ, ರಸೀದಿ ಪುಸ್ತಕಕ್ಕೆ ಇಂಕ್ ಪೆನ್ ಆಗುವುದಿಲ್ಲ. ಅಲ್ಲಿ ಒತ್ತಲೇಬೇಕು. ಮಹಾಪೆ, ರಬಾಳೆಯ ಕಡೆ ಔಷಧ ಕಾರ್ಖಾನೆಗಳಲ್ಲಿ ಬ್ಯಾಚ್ ದಾಖಲೆ ಬರೆಯುವ ನಮ್ಮ ಹುಡುಗರೂ ತಮ್ಮ ಕಂಪನಿಯ ನಿಯಮ ಯಾವ ಪೆನ್ ಹೇಳುತ್ತದೋ ಅದನ್ನೇ ಬಳಸಲಿ. ಇಂಥ ಕೆಲಸಕ್ಕೆ ಜೇಬಿನಲ್ಲಿ ಒಂದು ಬಾಲ್ ಪೆನ್ ಇರಲಿ.

ತೊಳೆಯುವ, ತುಂಬಿಸುವ ರಗಳೆ ಯಾರಿಗೆ ಬೇಕು ಎಂದವರಿಗೆ: ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ನಾಲ್ಕು ಸಲ ಎಳೆದು ಬಿಟ್ಟರೆ ಆಯಿತು. ಬಿಸಿನೀರು ಬೇಡ. ಹೊಸ ಪೆನ್ನನ್ನು ಮಾತ್ರ ಮೊದಲು ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿದ ನೀರಿನಲ್ಲಿ ತೊಳೆಯಿರಿ, ತಯಾರಿಕೆಯ ಎಣ್ಣೆ ಒಳಗೆ ಉಳಿದಿರುತ್ತದೆ. ಬಹಳ ಮಂದಿ ಹೊಸ ಪೆನ್ ಸರಿಯಿಲ್ಲವೆಂದು ಮೂಲೆಗೆ ಹಾಕುವುದು ಈ ಎಣ್ಣೆಯ ದೆಸೆಯಿಂದ. ಸಭೆಯ ನಡುವೆ ನಿಬ್ಬು ಒಣಗುತ್ತದೆ ಎನ್ನುವವರು ಕ್ಯಾಪ್ ನೋಡಿ ಕೊಳ್ಳಲಿ. ಪ್ಲಾಟಿನಂನ ಪ್ರೆಪಿಯಂಥ ಅಗ್ಗದ ಪೆನ್ನಿನಲ್ಲೂ ಕ್ಯಾಪಿನೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಮುಚ್ಚಳ ನಿಬ್ಬನ್ನು ಬಿಗಿಯಾಗಿ ಮುಚ್ಚುತ್ತದೆ.

ಆಕ್ಷೇಪಿಸಿದ ಮಹನೀಯರಲ್ಲಿ ನನ್ನದೊಂದು ವಿನಂತಿ. ಮತ್ತೆ ಬರೆಯುವ ಮೊದಲು ನೀವು ದಿನವೂ ಬರೆಯುವ ರಿಜಿಸ್ಟರಿನ ಒಂದು ಖಾಲಿ ಹಾಳೆ ಹಿಡಿದು ಅಂಗಡಿಗೆ ಹೋಗಿ. ಅವರು ಕೊಡುವ ನುಣುಪು ಕಾಗದದ ಮೇಲೆ ಪರೀಕ್ಷಿಸಬೇಡಿ, ಅದರ ಮೇಲೆ ಎಲ್ಲ ಪೆನ್ನೂ ಚೆನ್ನಾಗಿಯೇ ಬರೆಯುತ್ತದೆ. ನಿಬ್ಬಿನ ಎರಡು ಕಾಲುಗಳು ಸಮವಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇಂಕಿನಲ್ಲಿ ಅದ್ದಿ, ಸ್ವಲ್ಪವೂ ಒತ್ತದೆ, ನಿಮ್ಮ ಮಾಮೂಲಿ ವೇಗದಲ್ಲಿ ಹತ್ತು ಸಾಲು ಕನ್ನಡ ಬರೆಯಿರಿ. ಒತ್ತಕ್ಷರ ಬಿಡಿಯಾಗಿ ಕಂಡರೆ, ಹಿಂದಿನ ಪುಟ ಸ್ವಚ್ಛವಾಗಿದ್ದರೆ, ಕಂಪನಿಯ ಹೆಸರು ಕೇಳದೆ ಆ ಪೆನ್ ತೆಗೆದುಕೊಳ್ಳಿ.