ರೋಗಪರೀಕ್ಷೆಯ ಯಂತ್ರಗಳೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹುಡುಗಿಯರಲ್ಲಿ ಕೆಲವರು ದಾದಿಯರಾಗಿಯೂ ಕೆಲವರು ಆಸ್ಪತ್ರೆಯ ಪ್ರಯೋಗಶಾಲೆಗಳಲ್ಲಿ ಪರೀಕ್ಷಕಿಯರಾಗಿಯೂ ದುಡಿಯುತ್ತಿರುವರೆಂಬದು ಪಾಲಕರಿಗೆ ಗೊತ್ತಿದ್ದ ಸಂಗತಿಯೇ. ಇಂಥ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಕೇಳಬರುತ್ತಿದೆ. "ಇನ್ನು ಮುಂದೆ ಆ ಕೆಲಸವನ್ನೆಲ್ಲ ಯಂತ್ರಗಳೇ ಮಾಡುವವಂತೆ, ಹೀಗಿರುವಲ್ಲಿ ಮಗಳನ್ನು ಆ ವಿದ್ಯೆಗೆ ಕಳಿಸುವದರಿಂದ ಫಲವೇನು?" ಪ್ರಶ್ನೆಯು ಯೋಗ್ಯವಾದದ್ದು. ಇದರ ವಿಷಯವಾಗಿ ನನಗೆ ತೋಚಿದ್ದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆನು.

ಮೊದಲು ಆ ಕೆಲಸವೇನೆಂಬದನ್ನು ನೋಡೋಣ. ರೋಗಿಯ ಮೂತ್ರ, ಕೀವು ಮುಂತಾದವುಗಳ ಮಾದರಿಯನ್ನು ತಂತಿಯ ಸಣ್ಣ ಕುಣಿಕೆಯಿಂದ ತೆಗೆದು, ಪೋಷಕ ದ್ರವ್ಯವನ್ನು ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಗೆರೆಗೆರೆಯಾಗಿ ಎಳೆಯುವರು. ಇದೂ ಒಂದು ಬಿತ್ತನೆಯೇ. ಆ ತಟ್ಟೆಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಅನೇಕ ಜಾತಿಯ ರೋಗಾಣುಗಳು ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆಯುವವು. ರೋಗಾಣು ಯಾವದು, ಅದಕ್ಕೆ ತಕ್ಕ ಔಷಧ ಯಾವದು ಎಂಬದು ಆ ಬೆಳೆಯಿಂದ ತಿಳಿಯುವದು. ಇಟಲಿಯ ಕೋಪಾನ್ ಕಂಪನಿಯವರ ಯಂತ್ರವೂ, ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಕೀಸ್ಟ್ರಾ ಎಂಬ ಯಂತ್ರವೂ ಈ ಬಿತ್ತನೆಯನ್ನು ತಾವೇ ಮಾಡುತ್ತವೆ. ಸೀಸೆಯ ಮುಚ್ಚಳ ತೆರೆದು, ತಟ್ಟೆಗೆ ಗುರುತು ಹಚ್ಚಿ, ಗೆರೆ ಎಳೆದು, ಬೆಚ್ಚಗಿನ ಪೆಟ್ಟಿಗೆಗೆ ಸಾಗಿಸಿ, ನೇಮಿಸಿದ ಹೊತ್ತಿಗೆ ಬೆಳೆಯ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತವೆ. ಅವಕ್ಕೆ ಬೇಸರವಿಲ್ಲ, ದಣಿವಿಲ್ಲ. ನೂರನೆಯ ತಟ್ಟೆಯ ಗೆರೆಯೂ ಮೊದಲನೆಯದರಂತೆಯೇ ಇರುವದು. ಇಂಥ ಉಪಕಾರವನ್ನು ಹೀಯಾಳಿಸುವದು ಸರಿಯಲ್ಲ.

ರಕ್ತದ ರಾಸಾಯನಿಕ ಪರೀಕ್ಷೆಗೆ ಸ್ವಯಂಚಾಲಿತ ಯಂತ್ರವು ೧೯೫೭ರಲ್ಲಿಯೇ ಮಾರಾಟಕ್ಕೆ ಬಂದಿತು. ರೋಗಾಣುಪರೀಕ್ಷೆಗೆ ಮಾತ್ರ ಇದು ಬಹಳ ತಡವಾಯಿತು. ಯಾಕಂದರೆ ಇಲ್ಲಿ ಬರುವ ಮಾದರಿಗಳು ಒಂದೇ ತೆರನಾದವುಗಳಲ್ಲ. ಅಂಟುಕಫವೂ, ತೆಳುವಾದ ಮೂತ್ರವೂ, ಹತ್ತಿಯ ಕಡ್ಡಿಗೆ ಹತ್ತಿದ ಕೀವೂ ಒಂದೇ ಯಂತ್ರದ ಕೈಗೆ ಸುಲಭವಾಗಿ ಒಗ್ಗವು.

ನಮ್ಮ ನಾಡಿನವರೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲವೆಂಬದು ಸಂತೋಷದ ಮಾತು. ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯವರು ರೂಪಿಸಿ, ಗೋವೆಯ ಮೋಲ್ಬಯೋ ಕಂಪನಿಯವರು ತಯಾರಿಸುವ ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರವು ಕ್ಷಯರೋಗದ ಪರೀಕ್ಷೆಗೆ ಬಂದಿದೆ. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೆ ಒಪ್ಪಿಗೆ ಕೊಟ್ಟಿತು. ಬ್ಯಾಟರಿಯ ಮೇಲೆ ನಡೆಯುವದರಿಂದ ವಿದ್ಯುತ್ತು ಹೋದರೂ ನಿಲ್ಲದು. ರೋಗಾಣುವಿನ ಬೀಜದ್ರವ್ಯವನ್ನು ಕಫದಿಂದ ಬೇರ್ಪಡಿಸುವ ಕೆಲಸವನ್ನು ಇದರ ಜೊತೆಯ ಯಂತ್ರವು ತಾನೇ ಮಾಡುವದು. ಆದರೂ ಅಂಟುಕಫವನ್ನು ಮೊದಲು ತೆಳುವಾಗಿಸುವದೂ, ಕೊನೆಗೆ ಕೆಲವೇ ಮೈಕ್ರೋಲೀಟರಿನಷ್ಟು ದ್ರವವನ್ನು ಬಿಲ್ಲೆಯ ಮೇಲೆ ಬಿಡುವದೂ ಮನುಷ್ಯರ ಕೈಕೆಲಸವಾಗಿಯೇ ಉಳಿದಿದೆ.

ನಾನು ಹೇಳತಕ್ಕ ಮುಖ್ಯ ಮಾತು ಇಲ್ಲಿಯೇ ಇರುವದು. ಯಂತ್ರದ ಕೆಲಸವು ಮಾದರಿಯು ಅದರ ಬಾಗಿಲಿಗೆ ಬಂದ ಮೇಲೆ ಮೊದಲಾಗುವದು; ಸತ್ಯಾಸತ್ಯವು ಅದಕ್ಕೂ ಮುಂಚೆ ನಿರ್ಣಯವಾಗಿರುವದು. ಮೋರಟಗಿಯ ಒಬ್ಬ ಗರ್ಭಿಣಿಯ ಮೂತ್ರವನ್ನು ಪರೀಕ್ಷೆಗೆಂದು ಸಿಂದಗಿಯ ಮೇಲಿಂದ ವಿಜಯಪುರಕ್ಕೆ ಬೇಸಿಗೆಯ ಬಿಸಿಲಿನಲ್ಲಿ ಒಯ್ಯುವರೆಂದು ಎಣಿಸಿರಿ. ಒಂದು ಮಿಲ್ಲಿಲೀಟರಿಗೆ ಒಂದು ಲಕ್ಷ ರೋಗಾಣುಗಳಿದ್ದರೆ ರೋಗವುಂಟೆಂದು ಭಾವಿಸುವದು ವಾಡಿಕೆ. ಚರ್ಮದಿಂದ ಬೆರೆತ ಒಂದು ಸಾವಿರ ಕ್ರಿಮಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಸಿದರೆ ಮೂರೂವರೆ ಗಂಟೆಯಲ್ಲಿ ೧,೨೮,೦೦೦ ಆಗುವವು. ರೋಗವಿಲ್ಲದ ತಾಯಿಗೆ ರೋಗವುಂಟೆಂದು ಯಂತ್ರವು ನಿರ್ದೋಷವಾಗಿ ಎಣಿಸಿ ಹೇಳುವದು! ಆಕೆಯು ಬೇಡದ ಔಷಧವನ್ನು ನುಂಗುವಳು. ಎರಡು ಗಂಟೆಯೊಳಗೆ ಮುಟ್ಟಿಸಿದ್ದರೆ, ಇಲ್ಲವೆ ತಂಪಿನಲ್ಲಿ ಇಟ್ಟು ಒಯ್ದಿದ್ದರೆ ಈ ಅನರ್ಥವು ತಪ್ಪುತ್ತಿತ್ತು. ಹಾಗೆಂದು ಎಲ್ಲವನ್ನೂ ತಂಪಿನಲ್ಲಿಡಬಾರದು. ಬೆಳೆಸಲಿಕ್ಕೆ ತೆಗೆದ ರಕ್ತದ ಸೀಸೆಗೂ ಬೆನ್ನುಹುರಿಯ ನೀರಿಗೂ ತಂಪು ಹಾನಿಕರವು. ಕಫದ ಬದಲು ಉಗುಳು ತುಂಬಿದರೆ, ಔಷಧ ಕೊಟ್ಟ ಮೇಲೆ ರಕ್ತ ತೆಗೆದರೆ, ಒಬ್ಬರ ಹೆಸರಿನ ಚೀಟಿ ಇನ್ನೊಬ್ಬರ ಸೀಸೆಗೆ ಹತ್ತಿದರೆ ಯಾವ ಯಂತ್ರವೂ ತಿದ್ದಲಾರದು. ಹುಳುಕು ಬೀಜವಾದರೆ ಕೂರಿಗೆ ಎಷ್ಟು ನೆಟ್ಟಗಿದ್ದರೇನೆಂಬದನ್ನು ನಮ್ಮ ಎರೆಹೊಲದ ಒಕ್ಕಲಿಗರಿಗೆ ಕಲಿಸಬೇಕಾಗಿಲ್ಲ.

ಈ ವಿದ್ಯೆಯಲ್ಲಿ ಹೆಣ್ಣುಮಕ್ಕಳ ವಿವೇಕಕ್ಕೆ ಮೊದಲಿನಿಂದಲೂ ಸ್ಥಾನವಿರುವದು. ಜರ್ಮನಿಯ ಕೋಕ್ ಪಂಡಿತರ ಪ್ರಯೋಗಶಾಲೆಯಲ್ಲಿ ವಾಲ್ಥರ್ ಹೆಸ್ಸೆಯೆಂಬ ವೈದ್ಯರಿದ್ದರು. ಬಿತ್ತನೆಗೆ ಆಗ ಬಳಸುತ್ತಿದ್ದ ಜೆಲಟಿನ್ ಸೆಕೆಗೆ ಕರಗಿಹೋಗುತ್ತಿತ್ತು. ೧೮೮೧ರಲ್ಲಿ ಅವರ ಹೆಂಡತಿಯಾದ ಫ್ಯಾನಿ ಹೆಸ್ಸೆಯವರು, ತಮ್ಮ ಅಡಿಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಎಂಬ ಕಡಲಪಾಚಿಯ ಸಾರವನ್ನು ಉಪಯೋಗಿಸಬಹುದೆಂದು ಸೂಚಿಸಿದರು. ಕೀರ್ತಿಯು ಆ ಸಾಧ್ವಿಗೆ ಅಂದು ದೊರೆಯಲಿಲ್ಲ. ಆದರೆ ಇಂದಿನ ದೊಡ್ಡ ಯಂತ್ರವೂ ಗೆರೆ ಎಳೆಯುವದು ಅಗರ್ ತಟ್ಟೆಯ ಮೇಲೆಯೇ.

ಆದಕಾರಣ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಯಂತ್ರಕ್ಕೆ ಹೆದರಿ ಮಗಳ ವಿದ್ಯೆಯನ್ನು ನಿಲ್ಲಿಸಬೇಡಿರಿ. ಬರಿಯ ಗೆರೆ ಎಳೆಯುವ ಕೆಲಸವು ಯಂತ್ರದ ಪಾಲಾಗಲಿ. ಮಾದರಿಯ ಯೋಗ್ಯತೆಯನ್ನು ಅರಿಯುವ, ಕೆಟ್ಟದ್ದನ್ನು ತಿರುಗಿ ಕಳಿಸುವ ಧೈರ್ಯವುಳ್ಳ, ರೋಗಿಗೆ ತಾಳ್ಮೆಯಿಂದ ತಿಳಿಹೇಳುವ ಪರೀಕ್ಷಕಿಯು ನಮ್ಮ ಮಗಳಾಗಲಿ. ಆಸ್ಪತ್ರೆಗಳನ್ನು ನಡೆಸುವವರಲ್ಲಿಯೂ ಒಂದು ಮಾತು: ದೊಡ್ಡ ಯಂತ್ರಕ್ಕೆ ಹಣ ಕೂಡಿಸುವ ಮೊದಲು ಹಳ್ಳಿಯ ದವಾಖಾನೆಗೆ ಶುದ್ಧವಾದ ಸೀಸೆಗಳನ್ನೂ ತಂಪುಪೆಟ್ಟಿಗೆಯನ್ನೂ, ಹೊತ್ತಿಗೆ ಸರಿಯಾಗಿ ಮಾದರಿಯನ್ನು ಒಯ್ಯುವ ಒಬ್ಬ ಆಳನ್ನೂ ಒದಗಿಸಿರಿ. ಚಿಕ್ಕ ಕೆಲಸದಲ್ಲಿ ನಂಬಿಗಸ್ತಿಕೆಯಿಂದಿರಬೇಕೆಂದು ಈ ಶಾಲೆಯು ನಮಗೆ ಕಲಿಸಿತು. ಆ ಪಾಠವು ಯಂತ್ರಯುಗದಲ್ಲಿಯೂ ಹಳತಾಗದು.