ಹದಿನಾಲ್ಕು ತುಂಬಿದ ಮೇಲೆ ಮಗುವಿನ ಓದು ಯಾರ ಹೊಣೆ?

2025ರಲ್ಲಿ ಅನಂತಪುರ ಸೀಮೆಯ ಜನ ಒಂದು ಸೇವಾಸಂಸ್ಥೆಯನ್ನು ಉಳಿಸಿಕೊಳ್ಳಲು ಬೀದಿಗಿಳಿದರು. ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ನಮ್ಮವರ ಬಾಯಲ್ಲಿ ಆರ್‌ಡಿಟಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯ ನವೀಕರಣ ಸಿಗದೆ ಇಕ್ಕಟ್ಟಿಗೆ ಸಿಲುಕಿತ್ತು. ಸ್ಪೇನಿನ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಸಂಸ್ಥೆ ಇದು. ಇದರ ಬೆನ್ನೆಲುಬು ಮಕ್ಕಳ ಪ್ರಾಯೋಜಕತ್ವ. ಸ್ಪೇನಿನ ಸಾಮಾನ್ಯ ಕುಟುಂಬಗಳು ಇಲ್ಲಿನ ಒಂದೊಂದು ಮಗುವಿನ ಹೆಸರಿನಲ್ಲಿ ತಿಂಗಳು ತಿಂಗಳು ಸಣ್ಣ ಮೊತ್ತ ಕಳಿಸುತ್ತವೆ. ಆ ಸಣ್ಣ ಮೊತ್ತಗಳೇ ಸೇರಿ ಹಳ್ಳಿಗಳ ಶಿಕ್ಷಣಕ್ಕೆ, ಮನೆಗಳಿಗೆ, ಕಲ್ಯಾಣದುರ್ಗ ಮತ್ತು ಬತ್ತಲಪಲ್ಲಿಯ ಆಸ್ಪತ್ರೆಗಳಿಗೆ ಆಧಾರವಾದವು.

ನೋಂದಣಿಯ ನಿಯಮ ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ನಮಗೆ ಕಾಡಿದ ಪ್ರಶ್ನೆ ಬೇರೆ. ಅರ್ಧ ಶತಮಾನ ದೂರದೇಶದ ಮನೆಗಳು ಹೊತ್ತ ಹೊರೆಯಲ್ಲಿ ರಾಯದುರ್ಗ, ಮಡಕಶಿರಾ, ಬಳ್ಳಾರಿ, ಪಾವಗಡ, ಶಿರಾದಲ್ಲಿರುವ ನಮ್ಮ ಪಾಲು ಎಷ್ಟು?

ಕೊಡುವ ಮೊದಲು ಕೊರತೆ ಎಲ್ಲಿದೆ ಎಂದು ನೋಡಬೇಕು. ಜೂನ್ ಬಂತೆಂದರೆ ಸಂಘ ಸಂಸ್ಥೆಗಳು ನೋಟ್‌ಬುಕ್, ಬ್ಯಾಗು ಹಂಚುವುದು ರೂಢಿ. ಆದರೆ ಆಂಧ್ರದ ಸರ್ಕಾರಿ ಶಾಲೆಯ ಮಗುವಿಗೆ ಬ್ಯಾಗು, ಪುಸ್ತಕ, ಸಮವಸ್ತ್ರ, ಶೂ ಸರ್ಕಾರದಿಂದಲೇ ಬರುತ್ತವೆ. ಮಧ್ಯಾಹ್ನದ ಊಟ ಶಾಲೆಯಲ್ಲೇ ಇದೆ. 2025ರ ಜೂನ್‌ನಲ್ಲಿ ಆರಂಭವಾದ ‘ತಲ್ಲಿಕಿ ವಂದನಂ’ ಯೋಜನೆಯಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 15,000 ರೂಪಾಯಿ; ಶಾಲೆಯ ನಿರ್ವಹಣೆಗೆಂದು 2,000 ಹಿಡಿದು 13,000 ತಾಯಿಯ ಖಾತೆಗೆ ಸೇರುತ್ತದೆ. ಇಷ್ಟಿರುವಾಗ ಇನ್ನೊಂದು ಬ್ಯಾಗು ಕೊಟ್ಟರೆ ಮಗುವಿಗೆ ಒಂದು ದಿನದ ಖುಷಿ ಸಿಗಬಹುದು, ಅದರಿಂದ ಓದು ನಿಲ್ಲುವುದು ತಪ್ಪುವುದಿಲ್ಲ.

ಓದು ನಿಲ್ಲುವುದು ಹದಿನಾಲ್ಕರ ಆಸುಪಾಸಿನಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರೆಗೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸುವುದೂ 14ರೊಳಗಿನವರನ್ನೇ. ಅದು ದಾಟಿದವರಿಗೆ 18ರವರೆಗೆ ಅಪಾಯಕಾರಿ ಕೆಲಸಗಳಿಗೆ ಮಾತ್ರ ತಡೆ. ಶಾಲೆಗೆ ಕರೆತರುವ ಕಾನೂನೂ ಕೆಲಸದಿಂದ ತಡೆಯುವ ಕಾನೂನೂ ಒಂದೇ ವಯಸ್ಸಿನಲ್ಲಿ ಕೈ ಸಡಿಲಿಸುತ್ತವೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆಯ ಕೂಲಿ ಮನೆ ಹತ್ತಿರವೇ ಇದೆ. ಮಡಕಶಿರಾ ಕಡೆ ಮಳೆ ಕೈಕೊಟ್ಟು ಶೇಂಗಾ ಹೋದರೆ ಬೆಂಗಳೂರಿನ ದಾರಿ ಇದೆ. ಬಡವರ ಮನೆಯಲ್ಲಿ ಆಗ ಏಳುವ ಪ್ರಶ್ನೆ ಒಂದೇ: ಇನ್ನೆರಡು ವರ್ಷ ಓದಿಸುವುದೋ, ಈಗಲೇ ದುಡಿಯಲು ಕಳಿಸುವುದೋ?

ಕನ್ನಡ ಮಾಧ್ಯಮದ ಮಗುವಿಗೆ ಇದರ ಜೊತೆಗೆ ಗಡಿಯ ತೊಡಕೂ ಇದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿ ರಾಯದುರ್ಗ ಆಂಧ್ರಕ್ಕೆ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಇಲ್ಲಿನ ಮಕ್ಕಳು ಹತ್ತನೇ ತರಗತಿಯನ್ನು ಕನ್ನಡದಲ್ಲಿ ಬರೆಯಬಹುದು. ಮುಂದೆ ಇಂಟರ್‌ಮೀಡಿಯೆಟ್‌ಗೆ ಹೋದರೆ ಎದುರಾಗುವುದು ಇಂಗ್ಲಿಷ್ ಇಲ್ಲವೇ ತೆಲುಗು. ಹಾಗಾಗಿ ಡಿ. ಹಿರೇಹಾಳಿನ ಮಗು ಬಳ್ಳಾರಿಯತ್ತ, ಅಗಳಿಯ ಮಗು ಶಿರಾದತ್ತ ನೋಡುವುದು ಸಹಜ.

ಗಡಿ ದಾಟಿದ ಕೂಡಲೇ ಲೆಕ್ಕ ಬದಲಾಗುತ್ತದೆ. ‘ತಲ್ಲಿಕಿ ವಂದನಂ’ ಆಂಧ್ರದಲ್ಲಿ ಓದುವವರಿಗೆ. ಕರ್ನಾಟಕದ ‘ಶಕ್ತಿ’ ಉಚಿತ ಪ್ರಯಾಣ ಕರ್ನಾಟಕದ ನಿವಾಸಿ ಹೆಣ್ಣುಮಕ್ಕಳಿಗೆ. ಆಂಧ್ರದ ‘ಸ್ತ್ರೀ ಶಕ್ತಿ’ ಅಂತಾರಾಜ್ಯ ಬಸ್ಸುಗಳಿಗೆ ಇಲ್ಲ. ಎರಡೂ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಗಡಿ ದಾಟಿ ಕಾಲೇಜಿಗೆ ಹೋಗುವ ನಮ್ಮ ಹುಡುಗಿ ಮಾತ್ರ ಟಿಕೆಟ್ ಕೊಳ್ಳಬೇಕು. ಆಂಧ್ರದ ಜಾತಿ ಪ್ರಮಾಣಪತ್ರ ಕರ್ನಾಟಕದ ಮೀಸಲಾತಿಗೆ ನಡೆಯುವುದಿಲ್ಲ. ಮುಂದೆ ಸಿಇಟಿಗೆ ಕೂರುವುದಾದರೆ ಗಡಿನಾಡು ಕನ್ನಡಿಗರ ಕಲಂ ತಾಲ್ಲೂಕುಗಳನ್ನು ಹೆಸರಿಸಿಯೇ ಬರೆದದ್ದು. ತಮ್ಮ ಊರು ಯಾವ ಕಲಂಗೆ ಬರುತ್ತದೆ ಎಂಬುದನ್ನು ಪಿಯುಸಿಗೆ ಸೇರುವ ಮೊದಲೇ ನೋಡಿಕೊಳ್ಳಬೇಕು. ಇವುಗಳಲ್ಲಿ ಒಂದನ್ನೂ ನೋಟ್‌ಬುಕ್ ಬಗೆಹರಿಸಲಾರದು. ಬೇಕಾದದ್ದು ಬಸ್ ಪಾಸ್, ಹಾಸ್ಟೆಲ್ ಖರ್ಚು, ಇಂಗ್ಲಿಷಿಗೆ ಒಗ್ಗುವವರೆಗೆ ಪಾಠದ ನೆರವು, ಕಾಗದಪತ್ರ ತಿಳಿದ ಒಬ್ಬ ಹಿರಿಯರು.

ಇದನ್ನು ನಾವು ಹೊರಬಲ್ಲೆವೇ? ನಮ್ಮ ಸೀಮೆಯಲ್ಲೇ ಇದಕ್ಕೊಂದು ಹಳೆಯ ಲೆಕ್ಕವಿದೆ, ವಾರಾನ್ನ. ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ವಾರದ ಏಳು ದಿನ ಏಳು ಮನೆಗಳಲ್ಲಿ ಊಟ ಮಾಡುತ್ತಿದ್ದ. ಜಾತಿಯ ಬೇಲಿಯೊಳಗೇ ಬಹುಮಟ್ಟಿಗೆ ನಡೆದ ಪದ್ಧತಿ ಅದು, ಆ ಬೇಲಿ ನಮಗೆ ಬೇಡ. ಅದರ ಜಾಣತನ ಮಾತ್ರ ಬೇಕು. ಯಾವ ಮನೆಗೂ ಭಾರವಿರಲಿಲ್ಲ. ಒಂದು ಮನೆ ಬಾಗಿಲು ಹಾಕಿದರೆ ಹೋಗುತ್ತಿದ್ದುದು ಒಂದು ದಿನದ ಊಟ, ಇಡೀ ಓದಲ್ಲ. ಒಬ್ಬನೇ ದಾನಿಯನ್ನು ನಂಬಿದ ಮಗುವಿಗೆ ಆ ಭದ್ರತೆ ಇಲ್ಲ. ದಾನಿಗೆ ವರ್ಗವಾಯಿತು, ಕಾಯಿಲೆಯಾಯಿತು, ಮನಸ್ಸು ಬದಲಾಯಿತು ಎಂದರೆ ಮೊದಲ ಪಿಯುಸಿಯಲ್ಲೇ ಮಗು ಮನೆಗೆ ವಾಪಸ್.

ಒಂದು ಮಗುವಿಗೆ ಏಳು ಮನೆ, ಪ್ರತಿ ಮನೆಯಿಂದ ತಿಂಗಳಿಗೆ 300 ರೂಪಾಯಿ. ತಿಂಗಳಿಗೆ 2,100, ವರ್ಷಕ್ಕೆ 25,200 ರೂಪಾಯಿ. ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ನಾಲ್ಕು ವರ್ಷದ ಮಾತು. ಏಳರಲ್ಲಿ ಒಂದು ಮನೆ ಬಿಟ್ಟರೂ ಉಳಿದ ಆರು ಮನೆ ಹೆಚ್ಚುವರಿ 50 ರೂಪಾಯಿ ಹಾಕಿದರೆ ಮಗುವಿಗೆ ತಿಳಿಯುವುದೂ ಇಲ್ಲ. ವಿದೇಶದ ಅನುಮತಿ ಇದಕ್ಕೆ ಬೇಡ. ಹಾಗೆಂದು ಆರ್‌ಡಿಟಿಯಂಥ ಸಂಸ್ಥೆಯ ಜಾಗವನ್ನು ಏಳು ಮನೆಗಳು ತುಂಬಲಾರವು. ಸರ್ಕಾರದ ಹೊಣೆಯೂ ಇದರಿಂದ ಕಡಿಮೆಯಾಗುವುದಿಲ್ಲ. ಗಡಿ ದಾಟುವ ವಿದ್ಯಾರ್ಥಿಗೆ ಬಸ್ ಪಾಸ್ ಕೊಡಿ ಎಂದು ಎರಡೂ ಸರ್ಕಾರಗಳನ್ನು, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಕೇಳುತ್ತಲೇ ಇರಬೇಕು.

ಎರಡು ಕಟ್ಟಳೆಗಳನ್ನು ಮಾತ್ರ ಮೊದಲೇ ಒಪ್ಪಿಕೊಳ್ಳೋಣ. ಒಂದು, ವೇದಿಕೆಗೆ ಮಗುವನ್ನು ಕರೆದು ಚೆಕ್ಕಿನೊಂದಿಗೆ ಫೋಟೊ ತೆಗೆಸುವುದು ಬೇಡ. ಹದಿನೈದರ ಮಗುವಿಗೆ ಮಾನ ಗೊತ್ತಿರುತ್ತದೆ, ಆ ಫೋಟೊ ನೋಡುವವರು ಅದೇ ತರಗತಿಯವರು. ಎರಡು, ಅಂಕ ನೋಡಿ ಆರಿಸುವುದು ಬೇಡ. ಶೇಕಡಾ 95 ತೆಗೆದವರಿಗೆ ಸನ್ಮಾನ ಮಾಡಲು ಹಲವರಿದ್ದಾರೆ. 55 ತೆಗೆದು, ತಂದೆಯ ಜೊತೆ ಹೊಲಿಗೆ ಯಂತ್ರದ ಮುಂದೆ ಕೂರಲಿರುವ ಮಗುವಿಗೆ ಯಾರೂ ಇಲ್ಲ.

ನಿಮ್ಮ ಊರಿನಲ್ಲಿ ಒಂಬತ್ತನೇ ತರಗತಿಯಿಂದ ಬರುವುದು ನಿಲ್ಲಿಸಿದ ಮಕ್ಕಳು ಯಾರು ಎಂಬುದು ಅಲ್ಲಿನ ಮೇಷ್ಟ್ರಿಗೆ ಗೊತ್ತು. ಈ ವಾರ ಹೋಗಿ ಅವರನ್ನು ಕೇಳಿ. ಮಗುವಿನ ಹೆಸರು ಸಿಕ್ಕ ಮೇಲೆ ಏಳು ಮನೆ ಹುಡುಕುವುದು ಕಷ್ಟವಲ್ಲ.