ತಳಿಯ ಮೇಲ್ಮೆಯೂ ನೆಲದ ಒಪ್ಪಿಗೆಯೂ

ಗೋತಳಿಗಳಲ್ಲಿ ಅತ್ಯುತ್ತಮವಾದುದು ಯಾವುದೆಂದು ಕೇಳುವವರು ಬಹುಮಂದಿ. ಯಾವ ಸೀಮೆಗೆ, ಯಾವ ಕಾರ್ಯಕ್ಕೆ ಎಂದು ಮರುಪ್ರಶ್ನೆ ಹಾಕುವವರು ವಿರಳ. ಈ ಮರುಪ್ರಶ್ನೆಯಿಲ್ಲದೆ ಮೊದಲನೆಯ ಪ್ರಶ್ನೆಗೆ ಅರ್ಥವೇ ಇಲ್ಲವೆಂಬುದನ್ನು ತಿಳಿಯಲು ಹಾಸನ ಜಿಲ್ಲೆಯೊಂದನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಸಾಕು. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿವ ಮಳೆಯು ಆಲೂರಿನ ದಿಣ್ಣೆಗಳಿಗೆ ಬರುವಷ್ಟರಲ್ಲಿ ಬಹಳವಾಗಿ ಇಳಿದು, ಮಲೆನಾಡು ಅರೆಮಲೆನಾಡಾಗಿ, ಅರಸೀಕೆರೆಯನ್ನು ಮುಟ್ಟುವ ವೇಳೆಗೆ ರಾಗಿ, ತೆಂಗು, ಜಾಲಿಗಳ ಬಯಲುಸೀಮೆಯೇ ಆಗಿಬಿಡುವುದು. ಈ ಅಲ್ಪ ಅಂತರದೊಳಗೆ ಬೆಳೆಯೊಡನೆ ದನವೂ ಬದಲಾಗುವುದು.

ಸಕಲೇಶಪುರದ ಕಡೆಯ ಊರ ದನವೆಂದರೆ ಮಲೆನಾಡು ಗಿಡ್ಡ. ಎತ್ತರ ಸುಮಾರು 3 ಅಡಿ, ತೂಕ 100 ಕಿಲೋಗ್ರಾಮಿನ ಆಸುಪಾಸು, ಹಾಲು ದಿನಕ್ಕೆ ಒಂದೆರಡು ಲೀಟರು. ಈ ಅಂಕಿಗಳನ್ನಷ್ಟೇ ನೋಡಿದವನಿಗೆ ಇದು ಕುಬ್ಜವೂ ನಿಷ್ಪ್ರಯೋಜಕವೂ ಆದ ಪಶುವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆಷಾಢದ ಜಡಿಮಳೆಯಲ್ಲಿ, ಇಂಬಳಗಳ ಕಾಟದ ನಡುವೆ, ಜಾರುವ ಇಳಿಜಾರಿನಲ್ಲಿ ಪುಟ್ಟ ಗೊರಸುಗಳನ್ನು ಒತ್ತಿ ಊರುತ್ತ ಏರಿ, ಕರಡದ ಹುಲ್ಲನ್ನೂ ಬಾಯಿಗೆಟುಕುವ ಸೊಪ್ಪನ್ನೂ ಮೇದು, ಸಂಜೆಗೆ ಯಾರೂ ಅಟ್ಟದೆ ತಾನಾಗಿಯೇ ಕೊಟ್ಟಿಗೆ ಸೇರುವ ಗಿಡ್ಡವನ್ನು ಕಂಡವನು ಅದರ ದೇಹದ ಅಲ್ಪತೆಯಲ್ಲಿಯೇ ಅದರ ಯೋಗ್ಯತೆಯಿದೆಯೆಂದು ಒಪ್ಪದಿರಲಾರನು. ಕೊಟ್ಟಿಗೆಯಲ್ಲಿ ಅದರ ಕಾಲಡಿಗೆ ಹಾಸಿದ ಸೊಪ್ಪು ಸೆಗಣಿ ಗಂಜಲಗಳಲ್ಲಿ ಕಲೆತು ಗೊಬ್ಬರವಾಗಿ ಗದ್ದೆಗೂ ಕಾಫಿ ತೋಟಕ್ಕೂ ಸೇರುವುದು; ಹಾಲಿನ ಲೆಕ್ಕ ಬರೆಯುವವರು ಈ ಗೊಬ್ಬರದ ಲೆಕ್ಕವನ್ನು ಬರೆಯುವುದಿಲ್ಲ.

ಅದೇ ಜಿಲ್ಲೆಯ ಪೂರ್ವಭಾಗದಲ್ಲಿ ಬಿಸಿಲೂ ಬರವೂ ರೂಪಿಸಿದ ದನಗಳು ಹಳ್ಳಿಕಾರ್ ಮತ್ತು ಅಮೃತಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಇಲಾಖೆಯು ಈ ದನಗಳಿಗೆಂದು ವಿಶಾಲವಾದ ಕಾವಲುಗಳನ್ನು ಕಾದಿರಿಸಿತ್ತು. ಆ ಕಾವಲುಗಳಲ್ಲಿಯೂ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ. ಮರದ ನೆರಳೂ ಕೆರೆಯಂಗಳದ ಹಸಿರೂ ಉಳ್ಳ ಕಾವಲನ್ನು ಬಿರುಬೇಸಿಗೆಗೆಂದೇ ಮೀಸಲಿಡುತ್ತಿದ್ದರು. ಚಿದಂಬರದ ನೆರವಿಗೆ ಹೊರಟ ಹೈದರನ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದಕ್ಕೆ ಈ ಎತ್ತುಗಳೇ ಕಾರಣವೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಇಂತಹ ಎತ್ತನ್ನು ತಂದು ಸಕಲೇಶಪುರದ ಕೆಸರುಗದ್ದೆಯಲ್ಲಿ ಕಟ್ಟಿದರೆ ಅದರ ಉದ್ದನೆಯ ಕಾಲೂ ಓಟದ ಉತ್ಸಾಹವೂ ವ್ಯರ್ಥವಾಗುವುವು. ಗಿಡ್ಡವನ್ನು ಅರಸೀಕೆರೆಯ ಬಂಡಿಗೆ ಹೂಡಿದರೂ ಫಲ ಅಷ್ಟೇ. ಸಹಿಷ್ಣುತೆಯೆಂಬುದು ಎಲ್ಲೆಡೆಯೂ ಒಂದೇ ಬಗೆಯ ಗುಣವಲ್ಲ. ಪ್ರತಿಯೊಂದು ನೆಲವೂ ತನ್ನ ಕಷ್ಟಕ್ಕೆ ತಕ್ಕ ಸಹಿಷ್ಣುತೆಯನ್ನು ಬೇಡುವುದು.

ಬಿಸಿಲನ್ನು ತಾಳುವ ಶಕ್ತಿಗೆ ಶಾರೀರಿಕ ಕಾರಣಗಳೂ ಸ್ಪಷ್ಟವಾಗಿವೆ. ಡುಬ್ಬವುಳ್ಳ ನಮ್ಮ ದನಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ದೊಡ್ಡವು. ಕೂದಲು ಗಿಡ್ಡ ಮತ್ತು ನುಣುಪು. ಜೋಲುವ ಗಂಗೆದೊಗಲು ಮೈಯ ಹರವನ್ನು ಹೆಚ್ಚಿಸುವುದು. ದೇಹದೊಳಗೆ ಹುಟ್ಟುವ ಶಾಖವೂ ಕಡಿಮೆ. ನೆಲ್ಲೂರು ಸೀಮೆಯ ಓಂಗೋಲ್ ದನಗಳು ಸಾಗರವನ್ನು ದಾಟಿ ಬ್ರೆಜಿಲಿನಲ್ಲಿ ನೆಲೋರ್ ಎಂಬ ಹೆಸರಿನಿಂದ ಆ ದೇಶದ ಮಾಂಸದ ದನಗಳಲ್ಲಿ ಬಹುಪಾಲಾದುದಕ್ಕೆ ಅಲ್ಲಿಯ ಬಿಸಿಲಿಗೂ ಉಣ್ಣೆಗಳಿಗೂ ಯೂರೋಪಿನ ದನ ಬಾಗಿದುದೇ ಕಾರಣ.

ಇದಕ್ಕೆ ಪ್ರತಿಯಾಗಿ ಬರುವ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆಲೂರಿನ ಸಣ್ಣ ಹಿಡುವಳಿದಾರನ ಮನೆಗೆ ವಾರವಾರವೂ ನಗದು ತರುವುದು ಹಾಲಿನ ಡೇರಿ. ಮಿಶ್ರತಳಿಯ ಹಸು ಕರೆಯುವಷ್ಟು ಹಾಲನ್ನು ಗಿಡ್ಡವಾಗಲಿ ಹಳ್ಳಿಕಾರಾಗಲಿ ಕರೆಯಲಾರದು. ಮಕ್ಕಳ ಶಾಲೆಯ ಖರ್ಚು ಹುಟ್ಟುವುದು ಆ ಹಾಲಿನಿಂದ. ನೀರು, ಹಸಿಮೇವು, ಹಿಂಡಿ, ಕರೆದೊಡನೆ ಬರುವ ಪಶುವೈದ್ಯ, ಇಷ್ಟೂ ಉಳ್ಳ ಕಡೆ ಮಿಶ್ರತಳಿ ನ್ಯಾಯವಾದ ಆಯ್ಕೆಯೇ ಸರಿ. ಆದರೆ ಇವುಗಳಲ್ಲೊಂದು ಕೈಕೊಟ್ಟ ವರ್ಷ, ಬಾವಿ ಬತ್ತಿದಾಗ ಅಥವಾ ಹಿಂಡಿಯ ಬೆಲೆ ಹಾಲಿನ ಬೆಲೆಯನ್ನು ಮೀರಿದಾಗ, ಆ ಹಸುವಿನ ಖರ್ಚು ಮಾತ್ರ ಇಳಿಯುವುದಿಲ್ಲ. ಲಾಭವನ್ನು ಒಳ್ಳೆಯ ವರ್ಷದಲ್ಲಿ ಅಳೆದು ನಷ್ಟವನ್ನು ಕೆಟ್ಟ ವರ್ಷಕ್ಕೆ ಬಿಟ್ಟುಬಿಡುವ ಲೆಕ್ಕ ಒಕ್ಕಲಿಗನಿಗೆ ಆಗಿಬರುವುದಿಲ್ಲ.

ಈ ವಿವೇಕ ನಮ್ಮ ಜಾತ್ರೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಕೊಳ್ಳುವವನು ಜೋಡಿಯ ಬಾಯಿ ಬಿಡಿಸಿ ಹಲ್ಲನ್ನು ಎಣಿಸುವನು, ಸುಳಿಯನ್ನು ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ಗೊರಸನ್ನು ಪರೀಕ್ಷಿಸುವನು. ಆಮೇಲೆ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತನಾಡುವನು. ತನ್ನ ಹೊಲ ಎಂತಹದು, ತನ್ನ ಮೇವು ಎಷ್ಟು ಎಂಬುದನ್ನು ಬಲ್ಲವನಿಗೆ ಮಾತ್ರ ಆ ಪರೀಕ್ಷೆ ಸಾಧ್ಯ.

ಮಲೆನಾಡು ಗಿಡ್ಡಕ್ಕೆ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಹಳ್ಳಿಕಾರಿನ ಚಿತ್ರ ಅಂಚೆಚೀಟಿಯನ್ನೂ ಅಲಂಕರಿಸಿದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತಳಿ ಉಳಿಯುವುದಿಲ್ಲ. ಊರಿನಲ್ಲಿ ಹೋರಿ ಇರಬೇಕು, ಹೋರಿಗೆ ಮೇಯಲು ನೆಲವಿರಬೇಕು. ಸರ್ಕಾರವು ಒಂದೇ ಬಗೆಯ ಹಸುವನ್ನು ಘಟ್ಟಕ್ಕೂ ಬಯಲಿಗೂ ಹಂಚುವುದನ್ನು ಬಿಟ್ಟು, ಸಕಲೇಶಪುರಕ್ಕೆ ಗಿಡ್ಡದ ಹೋರಿಯನ್ನೂ ಅರಸೀಕೆರೆಗೆ ಹಳ್ಳಿಕಾರಿನ ಹೋರಿಯನ್ನೂ ಒದಗಿಸಲಿ. ಉಳಿದಿರುವ ಕಾವಲು, ಗೋಮಾಳಗಳನ್ನು ಇನ್ನಾವ ಉದ್ದೇಶಕ್ಕೂ ಕೊಡದಿರಲಿ. ಹಾಲಿಗಾಗಿ ಮಿಶ್ರತಳಿಯನ್ನು ಸಾಕುವ ರೈತನೂ ಕೊಟ್ಟಿಗೆಯ ಒಂದು ಗೂಟವನ್ನು ಊರ ದನಕ್ಕೆಂದು ಉಳಿಸಿಕೊಳ್ಳುವುದು ಲೇಸು.